ದರ್ಜಿಗೆ ಸಿಟ್ಟು ಬರಿಸುವ ಪಾಠ

ಸೀಟಿ ಮೇಡಂ ಇಂಗ್ಲಿಷ್ ಕಲಿಸುವ ರೀತಿಯನ್ನು ನೋಡಿದವರು ಮೊದಲು ನಗುತ್ತಾರೆ, ಆಮೇಲೆ ತೆಪ್ಪಗೆ ಹೆಸರು ಬರೆಸುತ್ತಾರೆ. ಅವರು ಶಾಲೆಯಲ್ಲಿ ಆಟೋಟದ ಟೀಚರ್ ಆಗಿದ್ದವರು. ನಿವೃತ್ತಿಯಾದ ಮೇಲೆ ಮನೆಯಲ್ಲಿ ಕೈಕಟ್ಟಿ ಕೂರಲಾರದೆ, ಲೈಬ್ರರಿಯ ಮಹಡಿ ಮೇಲೆ ಒಂದು ಕೋಣೆ ಗಿಟ್ಟಿಸಿಕೊಂಡು, ದೊಡ್ಡವರಿಗೆ ಸೋಮವಾರ ಸಂಜೆ ಇಂಗ್ಲಿಷ್ ಹೇಳಿಕೊಡಲು ಶುರು ಮಾಡಿದರು. ಕೆಲಸ ಬಿಟ್ಟರೂ ಕೊರಳಿನ ಸೀಟಿಯನ್ನು ಮಾತ್ರ ಬಿಡಲಿಲ್ಲ. ಅವರ ಕಾನೂನು ಒಂದೇ: ಕ್ರಿಯಾಪದ ಅಂದಮೇಲೆ ಅದನ್ನು ಮಾಡಬೇಕು, ಮಾಡದವರು ಆ ಪದವನ್ನು ಬಾಯಲ್ಲಿ ಎತ್ತುವಂತಿಲ್ಲ. 'ರನ್' ಕಲಿತ ದಿನ ಇಡೀ ತರಗತಿ ಲೈಬ್ರರಿಯ ಸುತ್ತ ಓಡಿತು. ತರಗತಿಗೆ ಬರುವ ಬೇಕರಿಯವರು ಅರ್ಧದಲ್ಲೇ ದೀಪದ ಕಂಬ ತಬ್ಬಿಕೊಂಡು ನಿಂತುಬಿಟ್ಟರು. ಪಾಪ, ಅವರಿಗೆ ಇವತ್ತಿಗೂ ಆ ಪದ ಬಳಸುವ ಅಪ್ಪಣೆ ಇಲ್ಲ. 'ಬಾರೋ' ಅಂದರೆ ಎರವಲು ಪಡೆಯುವುದು ಎಂದು ಕಲಿತ ವಾರ ಎಲ್ಲರ ಛತ್ರಿಗಳೂ ಇನ್ಯಾರದೋ ಮನೆ ಸೇರಿ, ಅವನ್ನು ವಾಪಸು ಹೊಂದಿಸುವಷ್ಟರಲ್ಲಿ ಮಳೆಗಾಲವೇ ಮುಗಿದಿತ್ತು.

ಈ ತರಗತಿಯಲ್ಲಿ ಗೋಡೆ ಪಕ್ಕದ ಬೆಂಚಿನಲ್ಲಿ ಕೂರುವವಳೇ ನಮ್ಮ ಅಕ್ಕ. ದೊಡ್ಡಾಸ್ಪತ್ರೆಯ ಬಟ್ಟೆಕೋಣೆಯಲ್ಲಿ ಅವಳ ಕೆಲಸ. ಚಾದರ, ದಿಂಬಿನ ಚೀಲ, ಆಪರೇಷನ್ನಿನ ಹಸಿರು ಗೌನು, ಏನೇ ಒಗೆದು ಬಂದರೂ ಅವಳ ಕೈಯಲ್ಲಿ ಮಡಿಕೆಯಾಗಿಯೇ ಕಪಾಟು ಸೇರಬೇಕು. ಡಾಕ್ಟರರಿಂದ ಹಿಡಿದು ನೆಲ ಒರೆಸುವವರ ತನಕ ಎಲ್ಲರೂ ಅವಳನ್ನು ಅಕ್ಕ ಅನ್ನುವುದರಿಂದ ನಾವೂ ಹಾಗೇ ಅನ್ನೋಣ. ಆಸ್ಪತ್ರೆಗೆ ಹೊಸ ಒಗೆಯುವ ಮಷೀನು ಬಂದು, ಅದರ ಗುಂಡಿಗಳ ಮೇಲೆಲ್ಲ ಇಂಗ್ಲಿಷ್ ಬರೆದಿದ್ದರಿಂದ ಅವಳು ಇಲ್ಲಿಗೆ ಸೇರಿದ್ದು. ಒಂದೇ ಒಂದು ಗುಂಡಿ ತಪ್ಪಾಗಿ ಒತ್ತಿದ್ದಕ್ಕೆ ಮಕ್ಕಳ ವಾರ್ಡಿನ ಉಣ್ಣೆ ಕಂಬಳಿಗಳೆಲ್ಲ ಕರವಸ್ತ್ರದಷ್ಟಾಗಿ ಹೊರಬಂದಿದ್ದವು.

ಆ ಸೋಮವಾರ ಮೇಡಂ ಬೋರ್ಡಿನ ಮೇಲೆ ಬರೆದ ಪದ 'ಅನಾಯ್'.

"ಇದು ಹೊಡೆಯೋದಲ್ಲ, ಬೈಯೋದಲ್ಲ, ಅವಮಾನ ಮಾಡೋದಲ್ಲ. ಅವೆಲ್ಲ ದೊಡ್ಡ ದೊಡ್ಡವು," ಎಂದರು ಮೇಡಂ. "ಇದು ಸಣ್ಣದು. ಚಪ್ಪಲಿಯೊಳಗೆ ಒಂದು ಮರಳಿನ ಕಾಳು ಸೇರಿಕೊಂಡ ಹಾಗೆ. ಗಾಯ ಆಗಲ್ಲ, ಆದ್ರೆ ಸುಮ್ನಿರೋಕೂ ಬಿಡಲ್ಲ."

"ಓಹೋ, ಕಾಟ ಕೊಡೋದು," ಎಂದರು ಬೇಕರಿಯವರು.

"ಅಲ್ಲ ಕಣ್ರೀ," ಎಂದ ಬಸ್ ಡ್ರೈವರ್. "ಕಾಟ ಅಂದ್ರೆ ದಿನಾ ಇರಬೇಕು. ಇದು ಒಂದೇ ಸಲ ಮಾಡಿದ್ರೂ ಆಗುತ್ತಲ್ಲ. ಕೆಣಕೋದು ಅನ್ನಿ."

"ಕೆಣಕಿದ್ರೆ ಹೊಡೆದಾಟಕ್ಕೇ ಹೋಗುತ್ತೆ. ಇದು ಅಷ್ಟು ದೂರ ಹೋಗಲ್ಲ," ಎಂದರು ಬೇಕರಿಯವರು.

"ಹಾಗಾದ್ರೆ ರೇಗಿಸೋದು?"

"ರೇಗಿಸೋದ್ರಲ್ಲಿ ಸ್ವಲ್ಪ ಪ್ರೀತಿ ಇರುತ್ತೆ," ಎಂದಳು ಅಕ್ಕ. ಹೇಳಿದ ಮೇಲೆ ಯಾಕೋ ನಾಚಿಕೆಯಾಗಿ ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದಳು.

ತಲೆ ತಿನ್ನುವುದು, ಪ್ರಾಣ ಹಿಂಡುವುದು, ಗೋಳು ಹೊಯ್ದುಕೊಳ್ಳುವುದು, ಸತಾಯಿಸುವುದು, ದುಂಬಾಲು ಬೀಳುವುದು, ಕೀಟಲೆ, ಕಿರಿಕಿರಿ, ಪೀಡೆ. ಒಂದೊಂದಕ್ಕೂ ಒಂದೊಂದು ವಕಾಲತ್ತು ನಡೆಯಿತು. ಬೋರ್ಡಿನಲ್ಲಿ ಜಾಗವಿಲ್ಲದಂತಾದಾಗ ಮೇಡಂ ಸೀಮೆಸುಣ್ಣ ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟುಕೊಂಡು, ಇಷ್ಟನ್ನೂ ಹೆಮ್ಮೆಯಿಂದ ನೋಡಿದರು. "ಒಬ್ಬರನ್ನೊಬ್ಬರು ಗೋಳು ಹೊಯ್ದುಕೊಳ್ಳೋಕೆ ಎಷ್ಟೊಂದು ಮಾತು ಇಟ್ಕೊಂಡಿದೀವಿ ನೋಡಿ. ಈ ಪಾಠದಲ್ಲಿ ನೀವ್ಯಾರೂ ಫೇಲಾಗೋ ಪೈಕಿ ಅಲ್ಲ. ಮನೆಗೆ ಹೋಗಿ ಯಾರನ್ನಾದ್ರೂ ಅನಾಯ್ ಮಾಡಿ ಬನ್ನಿ. ಎದುರಿಗಿದ್ದೋರ ಮುಖ ಗಂಟು ಹಾಕ್ಕೋಬೇಕು. ಹಾಕ್ಕೊಳ್ಳದಿದ್ರೆ ಅದು ಲೆಕ್ಕಕ್ಕಿಲ್ಲ. ಮುಂದಿನ ಸೋಮವಾರ ಒಬ್ಬೊಬ್ಬರೂ ಎದ್ದು ನಿಂತು ವಾಕ್ಯ ಹೇಳಬೇಕು."

ಸೀಟಿ ಊದಿದರು. ಎಲ್ಲರೂ ನಗುತ್ತ ಎದ್ದರು. ತನ್ನ ಪಾಠ ಮನೆ ತಲುಪುವ ಮುಂಚೆಯೇ ಮುಗಿದಿರುತ್ತದೆ, ಮೊದಲ ಸಿಗ್ನಲ್ಲಿನಲ್ಲೇ ಹಾರ್ನ್ ಹೊಡೆದರಾಯಿತು ಎಂದ ಡ್ರೈವರ್. ಅಕ್ಕ ಮಾತ್ರ ನಗಲಿಲ್ಲ. ಅವಳ ಎದೆ ಢವಢವ ಎನ್ನುತ್ತಿತ್ತು, ಯಾಕೆಂದರೆ ಅವಳಿಗೆ ಈ ಲೋಕದಲ್ಲಿ ಆಗಬೇಕಾಗಿದ್ದ ಒಂದೇ ಒಂದು ಕೆಲಸವನ್ನು ಮೇಡಂ ಮನೆಪಾಠ ಮಾಡಿ ಕೊಟ್ಟಿದ್ದರು.

ಅಕ್ಕನ ಗಂಡ ದರ್ಜಿ. ಎಲ್ಲರ ಬಾಯಲ್ಲೂ ಮಾಸ್ಟ್ರು. ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ಸಿಟ್ಟಿನ ವಿಷಯದಲ್ಲಿ ಆ ಕೈ ಇನ್ನೂ ಒಂದು ಗೇಣು ಮೇಲೆ. ಅಳತೆಗೆ ನಿಂತವರು ಹೊಟ್ಟೆ ಒಳಗೆಳೆದುಕೊಂಡರೆ "ನನ್ನ ಹತ್ರ ಯಾಕ್ರೀ ಮುಚ್ಚಿಡ್ತೀರಿ, ನಾಳೆ ಊಟ ಆದ್ಮೇಲೆ ಗುಂಡಿಗೆ ಗೊತ್ತಾಗಲ್ವಾ?" ಎಂದು ಗದರುವರು. ಕಾಜ ಒಂದು ಎಳೆ ಸೊಟ್ಟ ಬಂದರೆ ತಮ್ಮನ್ನೇ ತಾವು ಬೈದುಕೊಂಡು ಬಿಚ್ಚುವರು. ಇಸ್ತ್ರಿಪೆಟ್ಟಿಗೆಗೂ ಬೈಯುವರು, ನೂಲಿನ ಉಂಡೆಗೂ ಬೈಯುವರು. ಅಂಗಡಿಯ ಬಾಗಿಲು ತೆರೆದಿದೆಯೋ ಇಲ್ಲವೋ ಎನ್ನುವುದು ಬೀದಿಯ ಆ ತುದಿಗೇ ಕೇಳಿಸುತ್ತಿತ್ತು. ಬೈಸಿಕೊಂಡವರು ಮುಖ ಊದಿಸಿಕೊಂಡು ಹೋಗುತ್ತಿದ್ದರು, ಕೋಟು ಹಾಕಿಕೊಂಡ ದಿನ ಕನ್ನಡಿ ಮುಂದೆ ಎಲ್ಲವನ್ನೂ ಮರೆತುಬಿಡುತ್ತಿದ್ದರು.

ಅಂಥ ಮಾಸ್ಟ್ರು ಮಗಳ ಮದುವೆಯ ದಿನ ಎಡವಿದರು. ಅಳಿಯನ ಕೋಟಿಗಾಗಿ ಅವರು ಊಟ ನಿದ್ದೆ ಬಿಟ್ಟಿದ್ದರು. ಅದು ಅವನ ಮೈಮೇಲೆ ಕೂತ ರೀತಿ ನೋಡಿ ಸ್ವತಃ ಅವರಿಗೇ ಬೈಯಲು ಏನೂ ಸಿಕ್ಕಿರಲಿಲ್ಲ. ಎಲ್ಲರೂ ಫೋಟೋಗೆ ನಿಂತಾಗ ಆ ಹುಡುಗ ಎರಡೂ ಕೈಗಳನ್ನು ಕೋಟಿನ ಜೇಬಿಗೆ ತುರುಕಿಕೊಂಡ. ತುಂಬಿದ ಸಭೆಯಲ್ಲಿ ಮಾಸ್ಟ್ರು ಕಿರುಚಿದರು: "ಕೈ ತೆಗೆಯೋ ಹೊರಗೆ! ಅದೇನು ಕೋಟೋ, ತರಕಾರಿ ಚೀಲವೋ?" ಬೀಗರು ಕಲ್ಲಾದರು. ಮಗಳು ಅತ್ತಳು. ಹೊರಡುವಾಗ ಅಪ್ಪನ ಹತ್ತಿರ ಬಂದು, "ಇವತ್ತೊಂದು ದಿನ ಆದ್ರೂ ಸುಮ್ನಿರಬಹುದಿತ್ತಪ್ಪ," ಎಂದಷ್ಟೇ ಹೇಳಿ ಕಾರು ಹತ್ತಿದಳು.

ಅವತ್ತಿನಿಂದ ಮಾಸ್ಟ್ರು ಸಿಟ್ಟು ಬಿಟ್ಟರು. ಕುಡಿತ ಬಿಟ್ಟವರಿದ್ದಾರೆ, ಬೀಡಿ ಬಿಟ್ಟವರಿದ್ದಾರೆ, ಹೀಗೆ ಸಿಟ್ಟನ್ನು ಒಂದೇ ದಿನದಲ್ಲಿ ಕಿತ್ತು ಬಿಸಾಡಿದವರನ್ನು ಯಾರೂ ಕಂಡಿರಲಿಲ್ಲ. ಏನು ಹೇಳಿದರೂ "ಇರಲಿ ಬಿಡು". ಮಗಳು ಆಮೇಲೆ ಅದನ್ನೆಲ್ಲ ಮರೆತು ನಗುನಗುತ್ತ ಬಂದು ಹೋದಳು, ಅಳಿಯನೂ ತಮಾಷೆ ಮಾಡಿದ, ಮಾಸ್ಟ್ರು ಮಾತ್ರ ಬದಲಾಗಲಿಲ್ಲ. ಮೊದಮೊದಲು ಅಕ್ಕನಿಗೆ ಸ್ವರ್ಗವೇ ಸಿಕ್ಕಂತಾಯಿತು. ಉಪ್ಪು ಹೆಚ್ಚಾದರೂ ಇರಲಿ ಬಿಡು, ಬಸ್ಸು ತಪ್ಪಿದರೂ ಇರಲಿ ಬಿಡು. ಆಮೇಲೆ ಒಂದು ದಿನ ಅಂಗಡಿಗೆ ಹೋದಾಗ ಅವಳು ನೋಡಿದ್ದೇನು? ಯಾರದೋ ಕೋಟಿನ ಕಾಜಗಳು ಒಂದು ಮೇಲಕ್ಕೆ ಒಂದು ಕೆಳಕ್ಕೆ ಇದ್ದವು. ಅಸ್ತರು ಕೆಳಗಿಂದ ಇಣುಕುತ್ತಿತ್ತು. "ರೀ, ಇದು..." ಎಂದಳು. "ಇರಲಿ ಬಿಡು," ಎಂದು ಮಾಸ್ಟ್ರು ಹಿತವಾಗಿ ನಕ್ಕರು. ಹೋಗಿದ್ದು ಸಿಟ್ಟು ಮಾತ್ರ ಎಂದು ಅವಳು ತಿಳಿದಿದ್ದಳು, ಅದರ ಜೊತೆ ಕಣ್ಣೂ ಹೋಗಿತ್ತು. ಸೊಟ್ಟಗಿದ್ದದ್ದು ಮೈ ಉರಿಸಿದರೆ ತಾನೇ ಅದನ್ನು ನೆಟ್ಟಗೆ ಮಾಡುವುದು?

ಗಿರಾಕಿಗಳು ಕಡಿಮೆಯಾದರು. ಅಷ್ಟರಲ್ಲಿ ಫೋನು ರಿಪೇರಿ ಮಾಡುವವನೊಬ್ಬ ಮಳಿಗೆ ಹುಡುಕುತ್ತ ಬಂದು, ಅಂಗಡಿ ಬಿಟ್ಟುಕೊಡ್ತೀರಾ ಮಾಸ್ಟ್ರೇ ಎಂದು ಸುಮ್ಮನೆ ಬಾಯಿ ಮಾತಿಗೆ ಕೇಳಿದ. ಮಾಸ್ಟ್ರು, "ತಗೊಳ್ಳಪ್ಪ," ಎಂದುಬಿಟ್ಟರು. ಅವನೇ ಗಾಬರಿಯಾದ. ಉದ್ಘಾಟನೆಗೆ ಹಾಕಿಕೊಳ್ಳಲು ನನಗೊಂದು ಕೋಟು ಹೊಲಿದುಕೊಡಿ ಎಂದೂ ಕೇಳಿದ. ಬರುವ ಸೋಮವಾರ ಬೆಳಿಗ್ಗೆ ಕೋಟು, ಕೀಲಿಕೈ ಎರಡೂ ಒಟ್ಟಿಗೆ ಎಂದು ಮಾತಾಯಿತು. ಅಕ್ಕ ಬೇಡವೆಂದು ಹೇಳಿ ನೋಡಿದಳು, ಕೈ ಹಿಡಿದು ಕೇಳಿಕೊಂಡಳು. ಅವರ ಉತ್ತರ ನಿಮಗೆ ಗೊತ್ತೇ ಇದೆ. ಹೊಲಿಗೆ ಬಿಟ್ಟರೆ ಈ ಮನುಷ್ಯ ಮೂಲೆಯ ಕುರ್ಚಿಯಲ್ಲಿ ಕೂತು ಹಿತವಾಗಿ ನಗುತ್ತ ನಗುತ್ತ ಸವೆದೇ ಹೋಗುತ್ತಾರೆ ಎನ್ನುವುದು ಅವಳ ಭಯ. ಒಂದೇ ಒಂದು ಸಲ ಸಿಟ್ಟು ಬರಲಿ ಸಾಕು, ಉಳಿದದ್ದೆಲ್ಲ ಅದರ ಹಿಂದೆಯೇ ಬರುತ್ತದೆ ಎನ್ನುವುದು ಅವಳ ಆಸೆ. ಇದ್ದದ್ದು ಒಂದೇ ವಾರ.

ಮಂಗಳವಾರ ಬೆಳಿಗ್ಗೆಯೇ ಅಕ್ಕ ಕೆಲಸ ಶುರು ಹಚ್ಚಿಕೊಂಡಳು. ಚಹಾಕ್ಕೆ ಸಕ್ಕರೆ ಹಾಕಲಿಲ್ಲ. ಮಾಸ್ಟ್ರು ಒಂದು ಗುಟುಕು ಕುಡಿದರು, ಲೋಟ ನೋಡಿದರು, ಅವಳನ್ನು ನೋಡಿದರು, ಉಳಿದದ್ದನ್ನೂ ಕುಡಿದರು. ಪೇಪರಿನ ಹಾಳೆಗಳನ್ನು ಹಿಂದೆ ಮುಂದೆ ಮಾಡಿ ಮಡಿಸಿಟ್ಟಳು. ಅವರು ಕೊನೆಯ ಪುಟದಿಂದ ಮೊದಲ ಪುಟಕ್ಕೆ ಶಾಂತವಾಗಿ ಓದಿಕೊಂಡು ಬಂದರು. ರೇಡಿಯೋದಲ್ಲಿ ವಾರ್ತೆ ಬರುವಾಗ ಬೇಕೆಂದೇ ಪಾತ್ರೆ ಬೀಳಿಸಿದಳು. "ಪೆಟ್ಟಾಯ್ತಾ?" ಎಂದು ಓಡಿ ಬಂದರು. ಸೆಟೆದು ನಿಲ್ಲಬೇಕಾದ ಗಂಡಸು ಹೀಗೆ ಕರಗಿ ಬಂದರೆ ಯಾವ ಹೆಂಡತಿಗೆ ತಾನೇ ಪಾಠ ಮುಂದುವರಿಸಲು ಮನಸ್ಸು ಬರುತ್ತದೆ? ಆದರೂ ಅವಳು ಬಿಡಲಿಲ್ಲ.

"ರೀ, ಕಿಟಕಿ ಹಾಕ್ಲಾ?"

"ಹಾಕು."

"ಸೆಖೆ ಆಗಲ್ವಾ?"

"ಹಾಗಾದ್ರೆ ಬೇಡ."

"ಧೂಳು ಬಂದ್ರೆ?"

"ಹಾಕಿಬಿಡು."

"ಪೂರ್ತಿನಾ, ಅರ್ಧನಾ?"

"ನಿಂಗೆ ಹೇಗೆ ಬೇಕೋ ಹಾಗೆ."

"ನಂಗೆ ಹೇಗೆ ಬೇಕು ಅಂತ ನಿಮ್ಮನ್ನ ಕೇಳ್ತಿದೀನಿ!"

ಕೊನೆಗೆ ತಲೆ ಕೆಟ್ಟಿದ್ದು ಅಕ್ಕನದೇ. ಕಿಟಕಿಯನ್ನು ದಡಾರನೆ ಹಾಕಿ, ಬೆರಳು ಸಿಕ್ಕಿಸಿಕೊಂಡು, ಹಾ ಎಂದು ಕೂಗಿಕೊಂಡಳು. ಮಾಸ್ಟ್ರು ಬೆರಳಿಗೆ ತಣ್ಣೀರು ಬಟ್ಟೆ ಸುತ್ತಿದರು. "ನಿಂಗೆ ಸುಸ್ತಾಗಿದೆ ಕಣೆ, ಕೂತ್ಕೋ. ಪಾತ್ರೆ ನಾನು ತೊಳೀತೀನಿ," ಎಂದು ಹೇಳಿ ತೊಳೆದೂಬಿಟ್ಟರು. ಒಂದು ಲೋಟದಲ್ಲೂ ಕಲೆ ಉಳಿಸಲಿಲ್ಲ. ಅಕ್ಕ ಬೆರಳು ಹಿಡಿದುಕೊಂಡು ಕೂತು, ಇಷ್ಟು ಒಳ್ಳೆಯ ಗಂಡನನ್ನು ಇಟ್ಟುಕೊಂಡು ಏನು ಮಾಡುವುದು ದೇವರೇ ಎಂದು ಹಲ್ಲು ಕಚ್ಚಿದಳು.

ಭಾನುವಾರ ಅವಳು ಕೊನೆಯ ಅಸ್ತ್ರ ತೆಗೆದಳು. ದರ್ಜಿಯ ಮನೆಯಲ್ಲಿ ಬಾಳಿದವರಿಗೆ ಗೊತ್ತಿರುತ್ತದೆ: ಏನು ಬೇಕಾದರೂ ಮುಟ್ಟಬಹುದು, ಬಟ್ಟೆ ಕತ್ತರಿಯನ್ನು ಮುಟ್ಟುವಂತಿಲ್ಲ. ಮುಟ್ಟಿದರೂ ಅದರಲ್ಲಿ ಕಾಗದ ಕತ್ತರಿಸುವಂತಿಲ್ಲ. ಕಾಗದ ತಾಗಿದರೆ ಅದರ ಬಾಯಿ ಮೊಂಡಾಗುತ್ತದೆ, ಆಮೇಲೆ ಬಟ್ಟೆಯನ್ನು ಕತ್ತರಿಸುವುದಿಲ್ಲ, ಅಗಿಯುತ್ತದೆ. ಅಕ್ಕ ಕಪ್ಪು ಹಿಡಿಯ ಆ ಭಾರದ ಕತ್ತರಿಯನ್ನು ಅವರ ಚೀಲದಿಂದಲೇ ತೆಗೆದು, ಅವರ ಎದುರಿಗೇ ಕೂತು, ಕಪಾಟಿಗೆ ಹಾಸಲು ಪೇಪರ್ ಕತ್ತರಿಸತೊಡಗಿದಳು. ಕರ್ರ್, ಕರ್ರ್. ಕತ್ತರಿಸುವ ಅವಳ ಮೈಯೇ ಜುಮ್ಮೆಂದಿತು. ಮಾಸ್ಟ್ರ ಕತ್ತಿನ ನರ ಉಬ್ಬಿತು. ಬಾಯಿ ತೆರೆಯಿತು. ಬಂತು, ಬಂತು ಎಂದು ಅಕ್ಕ ಉಸಿರು ಬಿಗಿಹಿಡಿದಳು.

ಬಾಯಿ ಮುಚ್ಚಿಕೊಂಡಿತು. "ಇರಲಿ ಬಿಡು," ಎಂದರು ಮಾಸ್ಟ್ರು. "ಇನ್ನೇನಿದೆ ಅದಕ್ಕೆ ಕೆಲಸ?"

ಅಕ್ಕ ಕತ್ತರಿ ಕೆಳಗಿಟ್ಟು ಅಡುಗೆಮನೆಗೆ ಹೋಗಿ, ನಲ್ಲಿ ಬಿಟ್ಟು, ನೀರಿನ ಸದ್ದಿನಲ್ಲಿ ಅತ್ತಳು. ಪಾಠ ಮುಗಿಯಿತು, ತಾನು ಫೇಲು ಎಂದುಕೊಂಡಳು. ಫೇಲಾದದ್ದಕ್ಕೆ ಅಳು ಬರಲಿಲ್ಲ. ಇನ್ನೇನಿದೆ ಕೆಲಸ ಎಂದಾಗ ಅವರ ದನಿ ಎಷ್ಟು ಖಾಲಿಯಾಗಿತ್ತಲ್ಲ, ಅದಕ್ಕೆ ಬಂತು.

ಸೋಮವಾರ ಅವಳು ಆಸ್ಪತ್ರೆಗೆ ಅರ್ಧ ದಿನ ರಜೆ ಹೇಳಿ ಮಾಸ್ಟ್ರ ಜೊತೆ ಅಂಗಡಿಗೆ ಹೊರಟಳು. ಇನ್ನು ಕೀಟಲೆ ಸಾಕು ಎಂದು ತೀರ್ಮಾನ ಮಾಡಿದ್ದಳು. ಇಷ್ಟು ವರ್ಷ ಈ ಕಸುಬು ಮನೆ ನಡೆಸಿದೆ, ಮಗಳನ್ನು ದಡ ಹತ್ತಿಸಿದೆ. ಕೊನೆಯ ದಿನವಾದರೂ ಒಂದು ಒಳ್ಳೆಯ ಮಾತಾಡಿ ಬೀಳ್ಕೊಡೋಣ, ಅವರ ಮನಸ್ಸಿಗೆ ತಂಪಾಗಲಿ ಎಂದಷ್ಟೇ ಅವಳ ಲೆಕ್ಕಾಚಾರ.

ಅಂಗಡಿಯಲ್ಲಿ ಹೊಲಿಗೆ ಮಷೀನಿಗೆ ಚಾದರ ಹೊದಿಸಿತ್ತು. ಕೌಂಟರಿನ ಮೇಲೆ ಕೀಲಿಕೈ ಗೊಂಚಲು. ಫೋನಿನವನು ಆಗಲೇ ಬಂದು ಕೋಟು ಹಾಕಿಕೊಂಡು ಕನ್ನಡಿ ಮುಂದೆ ಅತ್ತ ಇತ್ತ ತಿರುಗುತ್ತಿದ್ದ. ಅಕ್ಕ ದರ್ಜಿಯಲ್ಲ, ಆದರೂ ಅವಳ ಕಣ್ಣಿಗೆ ಎಲ್ಲವೂ ಬಿತ್ತು. ಎಡತೋಳು ಹಿಂದಕ್ಕೆ ತಿರುಚಿಕೊಂಡು, ಹೆಗಲಿನಿಂದ ಮೊಣಕೈ ತನಕ ಓರೆಯಾಗಿ ಸುಕ್ಕು ಬಿದ್ದಿತ್ತು. ಕಾಲರು ಕತ್ತನ್ನು ಬಿಟ್ಟು ಹಿಂದಕ್ಕೆ ನಿಂತು, ಆ ಸಂದಿನಲ್ಲಿ ಒಂದು ಬೆಕ್ಕಿನ ಮರಿ ಸಂಸಾರ ಹೂಡಬಹುದಿತ್ತು. ಮಾಸ್ಟ್ರು ಬಾಗಿಲ ಹತ್ತಿರ ನಿಂತು ಬೀದಿ ನೋಡುತ್ತಿದ್ದರು. ಅದೆಲ್ಲ ಕಣ್ಣಿಗೆ ಬಿದ್ದರೂ ಅಕ್ಕ ಮುಖದಲ್ಲಿ ನಗು ತಂದುಕೊಂಡು, ಮನಸಾರೆ, ಪ್ರೀತಿಯಿಂದ ಅಂದಳು:

"ರೀ, ನಿಮ್ಮ ಕೈಯಲ್ಲಿ ಇಷ್ಟು ಚೆನ್ನಾಗಿರೋ ಕೋಟು ಇದುವರೆಗೂ ಬಂದಿರಲಿಲ್ಲ ನೋಡಿ."

ಮಾಸ್ಟ್ರು ನಿಧಾನವಾಗಿ ತಿರುಗಿದರು.

"ಏನಂದೆ?"

"ಚೆನ್ನಾಗಿದೆ ಅಂದೆ. ಎಲ್ಲಕ್ಕಿಂತ ಚೆನ್ನಾಗಿದೆ."

"ಯಾವುದು? ಇದಾ?" ಅವರು ಬಂದು ಕೋಟಿನ ಎಡತೋಳು ಹಿಡಿದರು, ಒಳಗೆ ಫೋನಿನವನ ಕೈ ಇರುವುದನ್ನೂ ಲೆಕ್ಕಿಸದೆ ಎತ್ತಿ ತೋರಿಸಿದರು. "ಇದು ಚೆನ್ನಾಗಿದೆಯಾ? ಈ ಸುಕ್ಕು ಕಾಣಲ್ವಾ? ಈ ಕಾಲರು ಕಾಣಲ್ವಾ? ಇದುವರೆಗೂ ಬಂದಿರಲಿಲ್ಲ ಅಂತೀಯಲ್ಲ, ಹಾಗಾದ್ರೆ ನಾನು ಹೊಲಿದಿದ್ದೆಲ್ಲ ಇದಕ್ಕಿಂತ ಕೆಟ್ಟದಾಗಿತ್ತಾ? ಅಳಿಯನ ಕೋಟು ಇದಕ್ಕಿಂತ ಕೆಟ್ಟದಾಗಿತ್ತಾ? ಇಷ್ಟು ವರ್ಷ ನನ್ನ ಜೊತೆ ಬಾಳಿ ನಿನ್ನ ಕಣ್ಣು ಇಷ್ಟೇನಾ ಕಲ್ತಿದ್ದು?"

ದನಿ ಏರಿದ ರಭಸಕ್ಕೆ ಬೀದಿಯಲ್ಲಿ ಇಬ್ಬರು ನಿಂತರು. ಅಕ್ಕ ಹೆದರಿ ಒಂದು ಹೆಜ್ಜೆ ಹಿಂದೆ ಸರಿದಳು. ನಿಜವಾಗಿ ಹೆದರಿದಳು, ಖುಷಿ ಪಡಬೇಕು ಎನ್ನುವುದು ಅವಳಿಗೆ ಹೊಳೆಯಲೇ ಇಲ್ಲ.

"ಮಾಸ್ಟ್ರೇ, ನಂಗೂ ಇಷ್ಟ ಆಯ್ತು," ಎಂದ ಫೋನಿನವನು, ಪಾಪ, ಸಮಾಧಾನ ಮಾಡಲು ಹೋಗಿ.

"ನಿನ್ನ ಇಷ್ಟ ಕಟ್ಕೊಂಡು ನಾನೇನು ಮಾಡ್ಲಪ್ಪ! ನೆಟ್ಟಗೆ ನಿಲ್ಲು ಮೊದಲು! ಆ ಫೋನು ನೋಡೀ ನೋಡೀ ಕತ್ತು ಮುಂದಕ್ಕೆ ಬಂದ್ಬಿಟ್ಟಿದೆ. ಅದಕ್ಕೇ ಕಾಲರು ಹಿಂದೆ ನಿಂತಿರೋದು. ಅಳತೆ ತಗೊಳ್ಳೋವಾಗ ನಾನದನ್ನ ನೋಡಬೇಕಿತ್ತು. ನೋಡ್ಲಿಲ್ಲ! ಕತ್ತೆ ಕಾಯ್ತಿದ್ದೆ ನಾನು!"

ಬ್ಲೇಡು ಬಂತು. ಪರ್ ಪರ್ ಎಂದು ಹೊಲಿಗೆ ಬಿಚ್ಚಿ, ಎಡತೋಳು ಮಾಸ್ಟ್ರ ಕೈಗೆ ಬಂತು. ಫೋನಿನವನು ಒಂಟಿ ತೋಳಿನ ಕೋಟಿನಲ್ಲಿ, ಅಲುಗಾಡಿದರೆ ಎಲ್ಲಿ ಬ್ಲೇಡು ತಾಗುತ್ತದೋ ಎಂದು ಉಸಿರು ಹಿಡಿದು ನಿಂತ. ಮಾಸ್ಟ್ರು ಮಷೀನಿನ ಚಾದರ ಕಿತ್ತೆಸೆದು, ಗುರುತು ಹಾಕುವ ಸುಣ್ಣದ ಬಿಲ್ಲೆ ಹುಡುಕಿದರು. ಅದು ಕೀಲಿಕೈ ಗೊಂಚಲಿನ ಅಡಿಯಲ್ಲಿ ಸಿಕ್ಕಿತು. "ಯಾರು ಇದನ್ನ ಇಲ್ಲಿ ತಂದಿಟ್ಟಿದ್ದು, ಅಡ್ಡಕ್ಕೆ?" ಎಂದು ಗೊಂಚಲನ್ನು ಅಕ್ಕನ ಕೈಗೆ ತುರುಕಿದರು. ಹೊಸ ತೋಳಿಗೆ ಬಟ್ಟೆ ಹಾಸಿ ಕತ್ತರಿ ಇಟ್ಟರು. ಕತ್ತರಿ ಬಟ್ಟೆಯನ್ನು ಅಗಿಯಿತು.

ಮಾಸ್ಟ್ರು ಕತ್ತರಿಯ ಬಾಯಿಗೆ ಹೆಬ್ಬೆರಳು ಒತ್ತಿ ನೋಡಿದರು.

"ಪೇಪರ್!" ಎಂದು ಗುಡುಗಿದರು ಮಾಸ್ಟ್ರು. "ನನ್ನ ಕತ್ತರೀಲಿ ಪೇಪರ್ ಕತ್ತರಿಸಿದೆ ನೀನು! ನನ್ನ ಎದುರಿಗೇ! ಮಂಗಳವಾರ ಚಹಾಕ್ಕೆ ಸಕ್ಕರೆ ಇರಲಿಲ್ಲ, ಕುಡಿದೆ! ಪೇಪರ್ ಹಿಂದು ಮುಂದು ಮಾಡಿಟ್ಟಿದ್ದೆ, ಓದಿದೆ! ಕಿಟಕಿ ಹಾಕ್ಲಾ ತೆಗೀಲಾ ಹಾಕ್ಲಾ ತೆಗೀಲಾ, ಮನುಷ್ಯ ಎಷ್ಟಂತ ತಡ್ಕೋಬೇಕು?"

ಎಲ್ಲವೂ ಇತ್ತು. ಒಂದೂ ತಪ್ಪಿರಲಿಲ್ಲ. ವಾರವಿಡೀ ಅವಳು ಮಾಡಿದ ಒಂದೊಂದು 'ಅನಾಯ್' ಕೂಡ ನಾಟಬೇಕಾದ ಕಡೆಯೇ ನಾಟಿತ್ತು, ಆ ಮನುಷ್ಯ ಎಲ್ಲವನ್ನೂ ನುಂಗಿಕೊಂಡು ಕೂತಿದ್ದರು ಅಷ್ಟೆ. ಈಗ ಅಕ್ಕನಿಗೆ ಹೊಳೆಯಿತು. ಹೊಳೆದದ್ದೇ ಕೀಲಿಕೈ ಗೊಂಚಲನ್ನು ಸೆರಗಿನೊಳಗೆ ಗಟ್ಟಿಯಾಗಿ ಹಿಡಿದುಕೊಂಡು, ಮೂಲೆಯ ಸ್ಟೂಲಿನ ಮೇಲೆ ಕೂತು, ಬೈಸಿಕೊಂಡಳು. ಅಷ್ಟು ಸುಖವಾಗಿ ಅವಳು ಯಾವತ್ತೂ ಬೈಸಿಕೊಂಡಿರಲಿಲ್ಲ.

"ಮಾಸ್ಟ್ರೇ, ಹಾಗಾದ್ರೆ ಅಂಗಡಿ?" ಎಂದು ಫೋನಿನವನು ಮೆಲ್ಲಗೆ ಕೇಳಿದ.

"ಅಂಗಡಿ ಕೊಟ್ಟು ನಿನ್ನ ಕೋಟನ್ನ ಎಲ್ಲಿ ಕೂತು ಹೊಲೀಲಿ, ಮರದ ಮೇಲಾ? ಇದು ಸರಿ ಆಗೋವರೆಗೂ ನಾನು ಜಾಗ ಬಿಡಲ್ಲ. ಸರಿ ಆದ್ಮೇಲೂ ಬಿಡಲ್ಲ. ಈ ಪ್ಯಾಂಟು ಯಾರು ಹೊಲಿದಿದ್ದು? ತಿರುಗು. ಅಯ್ಯೋ, ತಿರುಗಬೇಡ, ನೋಡೋಕಾಗಲ್ಲ!"

ಬೇಕರಿಯ ಪಕ್ಕದಲ್ಲೇ ಒಂದು ಮಳಿಗೆ ಖಾಲಿಯಿದೆಯೆಂದು ಅಕ್ಕ ಅವನಿಗೆ ಹೇಳಿದಳು. ಅವನೂ ಒಳ್ಳೆಯ ಮನುಷ್ಯ, ಅದು ಇದಕ್ಕಿಂತ ಒಳ್ಳೆಯ ಜಾಗ ಎಂದುಬಿಟ್ಟ. ಅಂಗಡಿ ಪಡೆಯಲು ಬಂದವನು ಪ್ಯಾಂಟಿಗೂ ಅಳತೆ ಕೊಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು ಹೋದ.

ಸಂಜೆ ತರಗತಿಯಲ್ಲಿ ಒಬ್ಬೊಬ್ಬರೂ ಎದ್ದು ವಾಕ್ಯ ಹೇಳಿದರು. ಡ್ರೈವರ್ ಇಡೀ ಬಸ್ಸಿನ ಪ್ರಯಾಣಿಕರನ್ನು ಅನಾಯ್ ಮಾಡಿ ಬಂದಿದ್ದ, ಒಬ್ಬರು ದೂರನ್ನೂ ಕೊಟ್ಟಿದ್ದರು. ಬೇಕರಿಯವರು ತಮ್ಮನ ಪಕ್ಕದಲ್ಲಿ ಕೂತು ದಿನವಿಡೀ ಬೆರಳಿನಿಂದ ಮೇಜು ಕುಟ್ಟಿದ್ದರು. ಅಕ್ಕನ ಸರದಿ ಬಂದಾಗ ಅವಳು ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಬೇಕೆಂದು ಮಾಡಿದ್ದು ಯಾವುದೂ ಫಲಿಸಲಿಲ್ಲ ಮೇಡಂ, ಕೊನೆಗೆ ಒಳ್ಳೆಯ ಮಾತಾಡಲು ಹೋದೆ, ಮುಖ ಗಂಟು ಹಾಕಿಕೊಂಡರು ಎಂದಳು.

"ಮೇಡಂ, ಇದು ಆಗಲ್ಲ," ಎಂದರು ಬೇಕರಿಯವರು. ಓಡದೆ 'ರನ್' ಕಳೆದುಕೊಂಡ ನೋವು ಅವರಿಗಿನ್ನೂ ಹಸಿಯಾಗಿತ್ತು. "ಬೇಕಂತ ಮಾಡಿದ್ದಲ್ಲವಲ್ಲ!"

ಮೇಡಂ ಗಲ್ಲ ಕೆರೆದುಕೊಂಡರು. "ರಾತ್ರಿ ಕಿವಿ ಹತ್ರ ಗುಂಯ್ ಅನ್ನೋ ಸೊಳ್ಳೆ ಬೇಕಂತ ಮಾಡುತ್ತಾ? ಅದಕ್ಕೆ ತನ್ನ ಪಾಡು. ಆದ್ರೂ ಎದ್ದು ಕೂತ್ಕೊಳ್ಳೋದು ನೀವೇ ತಾನೇ? ಈ ಪದಕ್ಕೆ ಮಾಡಿದೋರ ಉದ್ದೇಶ ಬೇಕಿಲ್ಲ, ಎದುರಿಗಿರೋರ ಮುಖ ಸಾಕು. ಹೇಳಿ ಅಕ್ಕ, ಮುಖ ಹೇಗಿತ್ತು?"

"ಕೆಂಪಗೆ ಮೇಡಂ. ಕಿವಿ ತನಕ," ಎಂದಳು ಅಕ್ಕ. ಕಣ್ಣು ತುಂಬಿ ಬಂತು.

"ಹಾಗಾದ್ರೆ ಹೇಳಿ ವಾಕ್ಯ."

ಅಕ್ಕ ಎದ್ದು ನಿಂತು, ಕೊರಳು ಸರಿ ಮಾಡಿಕೊಂಡು, "ಐ ಅನಾಯ್ಡ್ ಮೈ ಹಸ್ಬೆಂಡ್," ಎಂದಳು. ಮದುವೆಯಾದೆ ಎಂದು ಹೇಳಿದಷ್ಟು ಖುಷಿಯಿಂದ ಹೇಳಿದಳು. ಮೇಡಂ ಉದ್ದಕ್ಕೆ ಸೀಟಿ ಊದಿದರು. ಬೇಕರಿಯವರೇ ಮೊದಲು ಚಪ್ಪಾಳೆ ತಟ್ಟಿದ್ದು.

ಅವಳು ನೇರ ಅಂಗಡಿಗೆ ಹೋದಳು. ದೀಪ ಉರಿಯುತ್ತಿತ್ತು. ಮಾಸ್ಟ್ರು ತುಟಿಗಳ ಮಧ್ಯೆ ಗುಂಡುಸೂಜಿ ಕಚ್ಚಿಕೊಂಡು ತೋಳು ಕೂರಿಸುತ್ತಿದ್ದರು. ಅಕ್ಕ ಎದುರಿನ ಸ್ಟೂಲಿನಲ್ಲಿ ಕೂತು ಸುಮ್ಮನೆ ನೋಡಿದಳು.

"ಅದೇನು ನಗ್ತಿದೀಯ? ಬೈಸಿಕೊಂಡೋರು ಎಲ್ಲಾದ್ರೂ ನಗ್ತಾರಾ?" ಎಂದರು ಮಾಸ್ಟ್ರು, ಸೂಜಿಗಳ ಸಂದಿನಿಂದಲೇ.

ಅವಳು ಇಂಗ್ಲಿಷ್ ವಾಕ್ಯ ಹೇಳಿದಳು, ಅರ್ಥವನ್ನೂ ಹೇಳಿದಳು. ವಾರವಿಡೀ ನಡೆದದ್ದು ಮನೆಪಾಠ ಎಂದೂ ಹೇಳಿದಳು.

"ಇದಕ್ಕೆ ಕ್ಲಾಸಿಗೆ ಬೇರೆ ಹೋಗಬೇಕಿತ್ತಾ? ಮದುವೆ ಆದಾಗಿಂದ ಇದನ್ನೇ ಮಾಡ್ತಿದೀಯಲ್ಲ," ಎಂದರು ಮಾಸ್ಟ್ರು. ಆಮೇಲೆ ಸೂಜಿಗಳನ್ನು ಒಂದೊಂದಾಗಿ ತೆಗೆದು ಸೂಜಿಮೆತ್ತೆಗೆ ಚುಚ್ಚಿದರು. ದನಿ ಇಳಿಯಿತು. "ಮಗು ಅವತ್ತು ಮದುವೇಲಿ ಅತ್ತುಬಿಡ್ತು ಕಣೆ. ನಾನು ಬಾಯಿ ತೆಗೆದ್ರೆ ಯಾರಾದ್ರೂ ಅಳ್ತಾರೆ. ಅದಕ್ಕೇ ಮುಚ್ಕೊಂಡಿದ್ದೆ."

"ನೀವು ಮುಚ್ಕೊಂಡ್ರೂ ಅಳ್ತಾರೆ. ನಿನ್ನೆ ಅಡುಗೆಮನೇಲಿ ಅತ್ತಿದ್ದು ನಾನು."

ಮಾಸ್ಟ್ರು ಅವಳನ್ನೇ ನೋಡಿದರು. ಇದು ಅವರಿಗೆ ಗೊತ್ತಿರಲಿಲ್ಲ. ಮನೆಯಲ್ಲಿ ಯಾರೂ ಅಳಬಾರದು ಎಂದೇ ಅವರು ಅಷ್ಟೆಲ್ಲ ನುಂಗಿಕೊಂಡಿದ್ದದ್ದು.

"ನೀವು ಗಲಾಟೆ ಮಾಡದೆ ಇದ್ರೆ ನಂಗೆ ಮನೆ ಮನೆ ಅನ್ನಿಸಲ್ಲ ರೀ," ಎಂದಳು ಅಕ್ಕ. "ನಿಮ್ಮ ಸಿಟ್ಟು ನಂಗೆ ಬೇಕು."

"ಪೂರ್ತಿನಾ?"

ಅಕ್ಕ ಯೋಚಿಸಿದಳು. ಇಂಥ ಅವಕಾಶ ಹೆಂಡತಿಯರಿಗೆ ಸುಮ್ಮನೆ ಸಿಗುವುದಿಲ್ಲ. "ಬಟ್ಟೆ ಮೇಲೆ ಪೂರ್ತಿ ಮಾಡ್ಕೊಳ್ಳಿ. ಮನುಷ್ಯರ ಮೇಲೆ ಬೇಡ."

"ಮನುಷ್ಯರು ಬಟ್ಟೆಯೊಳಗೇ ತಾನೇ ಇರೋದು? ಎಲ್ಲಿಂದ ಎಲ್ಲಿಗೆ ಅಂತ ಅಳತೆ ಹಾಕೋದು?"

"ಕಾಲರಿನಿಂದ ಕೆಳಗೆ ಎಲ್ಲ ನಿಮ್ಮದು, ಎಷ್ಟು ಬೇಕಾದ್ರೂ ಕೂಗಾಡಿ. ಕಾಲರಿನಿಂದ ಮೇಲೆ ಒಂದು ಮುಖ ಇರುತ್ತಲ್ಲ, ಅದಕ್ಕೆ ನೋವಾಗೋ ಹಾಗೆ ಏನೂ ಅನ್ನಬಾರದು."

ಮಾಸ್ಟ್ರು ಟೇಪನ್ನು ಕೊರಳಿಗೆ ಹಾಕಿಕೊಂಡು, ಈ ಅಳತೆಯನ್ನು ಮನಸ್ಸಿನಲ್ಲೇ ಎರಡು ಸಲ ಹಿಡಿದು ನೋಡಿದರು. ಎಲ್ಲೂ ಸುಕ್ಕು ಕಾಣಲಿಲ್ಲ. "ಆಯ್ತು," ಎಂದರು. ದೀಪ ಆರಿಸಿ, ಅಕ್ಕನ ಕೈಯಿಂದ ಗೊಂಚಲು ಇಸಿದುಕೊಂಡು ಬಾಗಿಲಿಗೆ ಬೀಗ ಹಾಕಿದರು. ಬೀದಿ ದೀಪದ ಕೆಳಗೆ ಬಂದಾಗ ಅವಳನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದರು.

"ಹಾಗಾದ್ರೆ ಕೇಳು. ಈ ಸ್ವೆಟರ್ ಎಲ್ಲಿ ತಗೊಂಡೆ ನೀನು? ಗುಂಡಿ ಒಂದು ಕಡೆ, ಕಾಜ ಒಂದು ಕಡೆ. ಹೆಗಲು ಇಲ್ಲಿದೆ, ತೋಳು ಅಲ್ಲಿಂದ ಶುರು ಆಗಿದೆ. ಇದನ್ನ ಹಾಕ್ಕೊಂಡು ಇಡೀ ಆಸ್ಪತ್ರೆ ಸುತ್ತಾಡಿದೀಯಲ್ಲ, ದರ್ಜಿಯ ಹೆಂಡತಿ ಅಂತ ಯಾರಾದ್ರೂ ನಂಬ್ತಾರಾ? ನಿಲ್ಲು, ಬೆನ್ನು ನೋಡೋಣ. ಅಯ್ಯಯ್ಯೋ!"

ಅವರು ಬೈಯುತ್ತಲೇ ನಡೆದರು. ಕಿಟಕಿಗಳಿಂದ ಒಬ್ಬಿಬ್ಬರು ಇಣುಕಿ, ಓ ಮಾಸ್ಟ್ರು ಎಂದು ಒಳಗೆ ಹೇಳಿಕೊಂಡರು. ಮನೆ ಬೇಗ ಬಂದುಬಿಡದಿರಲಿ ಎಂದು ಅಕ್ಕ ನಿಧಾನವಾಗಿ ಹೆಜ್ಜೆ ಹಾಕಿದಳು.